ಎರಡು ಹಿಡಿ ಬ್ಲೀಚಿಂಗ್ ಪುಡಿ: ತುಮಕೂರಿನ ಒಂದು ಅಕ್ವೇರಿಯಂ ಪ್ರಕರಣ

ಹಿನ್ನೆಲೆ

ತುಮಕೂರು ನಗರದ ಒಂದು ಮನೆ. ಹಜಾರದಲ್ಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮೀನಿನ ತೊಟ್ಟಿ. ಗಾಜಿನ ಲೆಕ್ಕಕ್ಕೆ 255 ಲೀಟರ್. ತಳದ ಜಲ್ಲಿ, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾಗಿ ಇರುವ ನೀರು 200 ಲೀಟರ್ ಆಸುಪಾಸು. ಔಷಧಿ ಹಾಕುವಾಗ ಬೇಕಾಗುವುದು ಈ ಎರಡನೇ ಸಂಖ್ಯೆ. ತೊಟ್ಟಿಯಲ್ಲಿ 4 ಏಂಜಲ್, 12 ಬ್ಲ್ಯಾಕ್ ಸ್ಕರ್ಟ್ ಟೆಟ್ರಾ, 6 ಕೊರಿಡೋರಾಸ್, 5 ಮಾಲಿ, ಒಟ್ಟು 27 ಮೀನು. ಸ್ಪಂಜು ಮತ್ತು ಸೆರಾಮಿಕ್ ಉಂಗುರ ತುಂಬಿದ ಹೊರ ಫಿಲ್ಟರ್ ಒಂದು. ನೋಡಿಕೊಳ್ಳುವವನು ಡಿಪ್ಲೊಮಾ ಓದುವ ಮನೆಯ ಮಗ. ಹೆಸರು, ಬಡಾವಣೆ ಬಿಟ್ಟಿದ್ದೇವೆ.

ಒಂದೂವರೆ ವರ್ಷ ಪ್ರತಿ ಭಾನುವಾರ 50 ಲೀಟರ್ ತೆಗೆದು 50 ಲೀಟರ್ ತುಂಬುವುದು ನಡೆದಿತ್ತು. ಬಚ್ಚಲುಮನೆ ನಲ್ಲಿಗೆ ಪೈಪ್ ಸಿಕ್ಕಿಸಿ ನೇರ ತೊಟ್ಟಿಗೆ ಬಿಡುವುದು, ಅಷ್ಟೇ. ಕ್ಲೋರಿನ್ ತೆಗೆಯುವ ಔಷಧಿ, ಅಂದರೆ ಆ್ಯಂಟಿ-ಕ್ಲೋರಿನ್, ಹಾಕುತ್ತಿರಲಿಲ್ಲ, ನೀರು ಹಿಡಿದಿಡುತ್ತಲೂ ಇರಲಿಲ್ಲ. ಒಂದು ಮೀನೂ ಸತ್ತಿರಲಿಲ್ಲ. ಹಾಗಾಗಿ "ನಮ್ಮ ನಲ್ಲಿ ನೀರು ಒಳ್ಳೇದು" ಅನ್ನುವುದು ಆ ಮನೆಯಲ್ಲಿ ಸಾಬೀತಾದ ಮಾತಾಗಿತ್ತು.

ಆದರೆ ನಲ್ಲಿ ನೀರು ಅಂದರೆ ಯಾವ ನೀರು? ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಶುದ್ಧೀಕರಣವಾಗಿ ಬರುತ್ತದೆ. ಈ ಮನೆಯಲ್ಲಿ ಅದು ನೇರ ನಲ್ಲಿಗೆ ಬರುವುದಿಲ್ಲ. ಮೊದಲು ನೆಲದ ಸಂಪು, ಆಮೇಲೆ ಮೋಟರ್, ಆಮೇಲೆ ಮಹಡಿ ಮೇಲಿನ ಕಪ್ಪು ಟ್ಯಾಂಕ್, ಕೊನೆಗೆ ನಲ್ಲಿ. ಬೇಸಿಗೆಯಲ್ಲಿ ಸಾಲದೆ ಬಂದಾಗ ಅದೇ ಸಂಪಿಗೆ ಟ್ಯಾಂಕರ್‌ನ ಬೋರ್ ನೀರು ಬೀಳುತ್ತದೆ. ಹೇಮಾವತಿ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಈ ಮನೆಯಲ್ಲಿ ಅಳೆದಾಗ 180, ಟ್ಯಾಂಕರ್ ನೀರಿನದು 950. ಒಂದು ಸೋಪು ನೊರೆಗಟ್ಟುವ ಸಿಹಿನೀರು, ಇನ್ನೊಂದು ಬಕೆಟ್‌ಗೆ ಬಿಳಿ ಪೊರೆ ಹಿಡಿಸುವ ಗಡಸು ನೀರು. ನಲ್ಲಿ ಮಾತ್ರ ಒಂದೇ. ಕೋಲಾರದಲ್ಲಿ ಯರಗೋಳ್ ನೀರಿಗೂ, ಚಿಕ್ಕಬಳ್ಳಾಪುರದಲ್ಲಿ ಜಕ್ಕಲಮಡುಗು ನೀರಿಗೂ ಮನೆಯ ಸಂಪಿನಲ್ಲಿ ಟ್ಯಾಂಕರ್ ನೀರು ಸೇರುತ್ತಿದ್ದರೆ ಈ ಪ್ರಕರಣ ಅಲ್ಲಿಗೂ ಹೊಂದುತ್ತದೆ.

ಸಮಸ್ಯೆ

ಮಾರ್ಚ್ ಕೊನೆಯ ಭಾನುವಾರ ಎಂದಿನಂತೆ ನೀರು ಬದಲಾಯಿತು. ಅರ್ಧ ಗಂಟೆಯೊಳಗೆ ಟೆಟ್ರಾಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಏಂಜಲ್‌ಗಳು ಒಂದು ಮೂಲೆ ಸೇರಿ ಕಿವಿರನ್ನು ಜೋರಾಗಿ ಬಡಿಯುತ್ತಿದ್ದವು. ಕೊರಿಡೋರಾಸ್ ತಳದಿಂದ ಬಾಣದಂತೆ ಮೇಲೆದ್ದು ಮತ್ತೆ ಕೆಳಗೆ ಬೀಳುತ್ತಿದ್ದವು. ಬೆಳಗಾಗುವಷ್ಟರಲ್ಲಿ 3 ಟೆಟ್ರಾ ಸತ್ತಿದ್ದವು.

ಮಂಗಳವಾರ ಉಳಿದ ಮೀನುಗಳೂ ಮಂಕಾಗಿದ್ದವು. ನೀರು ಕೆಟ್ಟಿದೆ ಎಂದುಕೊಂಡ ಹುಡುಗ ಮೀನು ಸಾಕುವ ಎಲ್ಲರೂ ಮಾಡುವ ಕೆಲಸವನ್ನೇ ಮಾಡಿದ. ಅರ್ಧ ತೊಟ್ಟಿ, ಅಂದರೆ 100 ಲೀಟರ್, ಒಟ್ಟಿಗೆ ಬದಲಿಸಿದ. ಅದೇ ಸಂಜೆ 4 ಟೆಟ್ರಾ, 1 ಏಂಜಲ್ ಹೋದವು. ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾದ ತೀರ್ಮಾನ ಇದೇ. ನೀರು ಬದಲಿಸಿದ ಮೇಲೆ ಮೀನು ನರಳಿದರೆ ಮೊದಲು ಅನುಮಾನಿಸಬೇಕಾದ್ದು ಹೊಸ ನೀರನ್ನು. ಆ ನೀರನ್ನೇ ಇನ್ನಷ್ಟು ಸುರಿಯುವುದು ಔಷಧಿಯಲ್ಲ.

ಏನೇನು ಮಾಡಿ ನೋಡಿದರು

ಅಂಗಡಿಯವರು ಕ್ಲೋರಿನ್ ಇರಬೇಕು ಎಂದು ಆ್ಯಂಟಿ-ಕ್ಲೋರಿನ್ ಬಾಟಲಿ ಕೊಟ್ಟರು. ಮುಂದಿನ ಭಾನುವಾರ ಲೇಬಲ್‌ನಲ್ಲಿದ್ದಷ್ಟು ಹನಿ ಹಾಕಿ 50 ಲೀಟರ್ ಬದಲಿಸಿದರೆ ಏನೂ ಆಗಲಿಲ್ಲ. ಔಷಧಿ ಕೆಲಸ ಮಾಡಿತು ಎಂದು ಮನೆಯವರು ನಿರಾಳವಾದರು. ಅದರ ಮುಂದಿನ ಭಾನುವಾರ ಅದೇ ಬಾಟಲಿ, ಅಷ್ಟೇ ಹನಿ. ಅರ್ಧ ಗಂಟೆಗೆ ಮತ್ತೆ ಬಾಯಿ ಬಿಡುವ ಮೀನುಗಳು. ಆ ದಿನ 2 ಟೆಟ್ರಾ, ನಾಲ್ಕು ದಿನ ಕಳೆದು 2 ಮಾಲಿ ಸತ್ತವು. ಆ್ಯಂಟಿ-ಕ್ಲೋರಿನ್ ಹಾಕಿಯೂ ಸತ್ತವು ಅಂದಮೇಲೆ ಇದು ಕ್ಲೋರಿನ್ ಅಲ್ಲ ಎಂಬ ತೀರ್ಮಾನಕ್ಕೆ ಬಂದರು.

ಎರಡನೇ ಅನುಮಾನ ಬಿಸಿಲಿನ ಮೇಲೆ ಹೋಯಿತು. ಏಪ್ರಿಲ್ ಮಧ್ಯಾಹ್ನ ಮಹಡಿಯ ಕಪ್ಪು ಟ್ಯಾಂಕ್‌ನಿಂದ ಬರುವ ನೀರು 38 ಡಿಗ್ರಿ ತೋರಿಸಿತು. ತೊಟ್ಟಿಯದು 28. ಕಾಲು ಭಾಗ ಬದಲಿಸಿದರೆ ತೊಟ್ಟಿ ಒಮ್ಮೆಗೇ ಎರಡೂವರೆ ಡಿಗ್ರಿ ಏರುತ್ತದೆ. ಇದು ಮೀನಿಗೆ ಒಳ್ಳೆಯದಲ್ಲ ನಿಜ, ಆದರೆ ಅರ್ಧ ಗಂಟೆಯಲ್ಲಿ ಕೊಲ್ಲುವಂಥದ್ದೂ ಅಲ್ಲ. ನೀರು ಬದಲಿಸುವುದನ್ನು ಬೆಳಗ್ಗೆ ಆರಕ್ಕೆ ಹಾಕಿಕೊಂಡರು. ಆ ವಾರ ಏನೂ ಆಗಲಿಲ್ಲ. ಈಗ ಬೆಳಗಿನ ಹೊತ್ತಿಗೆ ಕೀರ್ತಿ ಬಂತು. ಹತ್ತು ದಿನ ಬಿಟ್ಟು, ಒಂದು ಬುಧವಾರ ಬೆಳಗ್ಗೆ ಆರಕ್ಕೇ ಬದಲಿಸಿದಾಗ 1 ಏಂಜಲ್, 1 ಮಾಲಿ ಸತ್ತವು.

ಅದೇ ಬುಧವಾರ ಹುಡುಗ ಡಿಪಿಡಿ ಕಿಟ್ ತಂದು ನಲ್ಲಿ ನೀರು ಪರೀಕ್ಷಿಸಿದ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಆಗಬೇಕು. ಕೊಳವೆಯಲ್ಲಿ ನೀರು ಬಣ್ಣವಿಲ್ಲದೆ ನಿಂತಿತು. ಸೊನ್ನೆ ಎಂದು ಬರೆದುಕೊಂಡ. ಔಷಧಿ ಹಾಕಿಯೂ ಮೀನು ಸತ್ತದ್ದು ಒಂದು ಸಾಕ್ಷಿ, ಕಿಟ್ ಸೊನ್ನೆ ತೋರಿಸಿದ್ದು ಇನ್ನೊಂದು ಸಾಕ್ಷಿ. ಎರಡೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಿದ್ದವು, ಎರಡೂ ತಪ್ಪಾಗಿದ್ದವು.

ಮರುದಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್‌ನ ನಾಲ್ಕು ಕ್ಯಾನ್ ತಂದು 80 ಲೀಟರ್ ಬದಲಿಸಿದರು. ಈ ಸಲ ಯಾವ ಮೀನೂ ಮೇಲೆ ಬಂದು ಬಾಯಿ ಬಿಡಲಿಲ್ಲ. ಬದಲಿಗೆ ರೆಕ್ಕೆ ಮುದುಡಿಕೊಂಡು ತಳ ಹಿಡಿದವು. ರಾತ್ರಿ 2 ಕೊರಿಡೋರಾಸ್ ಸತ್ತವು. ತೊಟ್ಟಿಯ ಟಿಡಿಎಸ್ 780 ಇತ್ತು, ಕ್ಯಾನ್ ನೀರಿನದು 50. ಅರ್ಧ ಗಂಟೆಯಲ್ಲಿ ತೊಟ್ಟಿ 490ಕ್ಕೆ ಇಳಿದಿತ್ತು. ಮೀನಿನ ಮೈಯೊಳಗಿನ ಲವಣಕ್ಕೂ ಹೊರಗಿನ ನೀರಿಗೂ ಇರುವ ಸಮತೋಲ ಹೀಗೆ ಒಮ್ಮೆಗೇ ತಪ್ಪಿದರೆ, ಮೊದಲೇ ಕಿವಿರು ಸುಟ್ಟುಕೊಂಡಿದ್ದ ಮೀನು ತಾಳುವುದಿಲ್ಲ. ಕುಡಿಯಲು ಶುದ್ಧವಾದದ್ದು ತೊಟ್ಟಿಗೂ ಶುದ್ಧ ಎಂಬ ಲೆಕ್ಕ ಇಲ್ಲಿ ಹೊಂದಲಿಲ್ಲ. ಆದರೆ ಅದರಲ್ಲೊಂದು ಸುಳಿವಿತ್ತು: ರೋಗಲಕ್ಷಣವೇ ಬದಲಾಗಿತ್ತು. ಉಸಿರು ಕಟ್ಟುವುದು ನಲ್ಲಿ ನೀರಿಗೆ ಮಾತ್ರ. ಆ ಹೊತ್ತಿನಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. 27ರಲ್ಲಿ ಉಳಿದಿದ್ದವು 11.

ತಿರುವು

ಹುಡುಗ ನೀರು ಬದಲಿಸಿದ ದಿನಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ. ತಾಯಿಗೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲು, ಸಿಲಿಂಡರ್, ಟ್ಯಾಂಕರ್ ದುಡ್ಡು ಗುರುತಿಸುವ ಅಭ್ಯಾಸ. ಶುಕ್ರವಾರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮೀನು ಬಾಯಿ ಬಿಟ್ಟ ನಾಲ್ಕೂ ಸಲ, ಹಿಂದಿನ ಮೂರು ದಿನಗಳೊಳಗೆ ಟ್ಯಾಂಕರ್ ಬಂದಿತ್ತು. ಏನೂ ಆಗದ ಎರಡು ವಾರ ಸಂಪಿನಲ್ಲಿ ಇದ್ದದ್ದು ಹೊಸದಾಗಿ ಬಂದ ಹೇಮಾವತಿ ನೀರು. ಆ್ಯಂಟಿ-ಕ್ಲೋರಿನ್ ಹನಿಯೂ ಬೆಳಗಿನ ಆರು ಗಂಟೆಯೂ ಪಡೆದ ಕೀರ್ತಿ ನಿಜವಾಗಿ ಹೇಮಾವತಿಗೆ ಸಲ್ಲಬೇಕಿತ್ತು.

ಹಾಗಾದರೆ ಟ್ಯಾಂಕರ್ ನೀರೇ ವಿಷವೇ? ಹಿಂದಿನ ಬೇಸಿಗೆಯಲ್ಲೂ ಟ್ಯಾಂಕರ್ ಬಂದಿತ್ತು, ಮೀನು ಸತ್ತಿರಲಿಲ್ಲ. ಬೋರ್ ನೀರಿಗೆ ಯಾರೂ ಕ್ಲೋರಿನ್ ಹಾಕಿರುವುದಿಲ್ಲವಲ್ಲ ಎಂಬ ಪ್ರಶ್ನೆಯೂ ಇತ್ತು. ಹುಡುಗ ತಾತನನ್ನು ಕೇಳಿದ.

"ತಾತ, ಸಂಪಿಗೆ ಏನಾದ್ರೂ ಹಾಕ್ತೀರಾ?"

"ಟ್ಯಾಂಕರ್ ಬಂದಾಗೆಲ್ಲ ಹಾಕ್ತೀನಲ್ಲಪ್ಪ, ಬ್ಲೀಚಿಂಗ್ ಪುಡಿ. ಎರಡೇ ಹಿಡಿ. ಎಲ್ಲಿಯ ನೀರೋ ಏನೋ, ಹುಳ ಆಗಬಾರ್ದು ಅಂತ."

"ಹೋದ ವರ್ಷವೂ ಹಾಕ್ತಿದ್ರಾ?"

"ಹೂಂ, ಅಷ್ಟೇ ಹಾಕ್ತಿದ್ದೆ. ಆ ಪೊಟ್ಟಣ ಮುಗೀತು, ಯುಗಾದಿ ಮುಂಚೆ ಹೊಸದು ತಂದೆ."

ಗುಟ್ಟು ಇದ್ದದ್ದು ಈ ಕೊನೆಯ ಮಾತಿನಲ್ಲಿ. ತಾಜಾ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಶೇ. 30ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಪೊಟ್ಟಣ ಗಾಳಿ, ತೇವ, ಸೆಕೆಗೆ ಸಿಕ್ಕಿ ಶಕ್ತಿ ಕಳೆದುಕೊಳ್ಳುತ್ತ ಹೋಗುತ್ತದೆ, ಕೊನೆಗೆ ಉಳಿಯುವುದು ಹೆಚ್ಚಾಗಿ ಸುಣ್ಣ. ಹಳೆಯ ಪೊಟ್ಟಣ ಉಗ್ರಾಣದಲ್ಲಿ ಎರಡು ವರ್ಷ ಬಿದ್ದು ಗಂಟುಗಟ್ಟಿತ್ತು. ಹಿಡಿ ಅದೇ, ಪುಡಿ ಬೇರೆ.

ತಾತನ ಹಿಡಿಯನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದರು. ಒಂದು ಹಿಡಿ 75 ಗ್ರಾಂ, ಎರಡು ಹಿಡಿ 150 ಗ್ರಾಂ. ಅದರಲ್ಲಿ ಕ್ಲೋರಿನ್ 45 ಗ್ರಾಂ. ಟ್ಯಾಂಕರ್ ಖಾಲಿಯಾದಾಗ ಸಂಪಿನಲ್ಲಿರುವುದು ಸುಮಾರು 4,000 ಲೀಟರ್. ಭಾಗಿಸಿದರೆ ಲೀಟರಿಗೆ 11 ಮಿಲಿಗ್ರಾಂ ಚಿಲ್ಲರೆ. ಕುಡಿಯುವ ನೀರಿನ ಮಾನಕ ಐಎಸ್ 10500 ಕೇಳುವ ಉಳಿಕೆ ಕ್ಲೋರಿನ್ ಕನಿಷ್ಠ 0.2 ಮಿ.ಗ್ರಾಂ. ಅದರ ಐವತ್ತು ಪಟ್ಟು ಮೀರಿತು. ಸ್ನಾನದ ನೀರು ಘಾಟು ಹೊಡೆಯುತ್ತದೆ ಎಂದು ತಾಯಿ ಎರಡು ಮೂರು ಸಲ ಹೇಳಿದ್ದರಂತೆ. ಟ್ಯಾಂಕರ್ ನೀರೇ ಹಾಗೆ ಎಂದು ಎಲ್ಲರೂ ಸುಮ್ಮನಾಗಿದ್ದರು.

ಈ ಸಂಖ್ಯೆ ಕೈಗೆ ಬಂದ ಮೇಲೆ ಹಿಂದಿನ ಎಲ್ಲ ಒಗಟೂ ಬಿಡಿಸಿಕೊಂಡಿತು. 50 ಲೀಟರ್ ಬದಲಿಸಿದಾಗ 200 ಲೀಟರ್‌ನ ತೊಟ್ಟಿಯಲ್ಲಿ ಕ್ಲೋರಿನ್ 2.8 ಮಿ.ಗ್ರಾಂ. ಅದು ಕಿವಿರಿನ ತೆಳು ಪೊರೆಯನ್ನು ಸುಡುತ್ತದೆ, ನೀರಿನಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಮೀನಿಗೆ ಎಳೆದುಕೊಳ್ಳಲು ಆಗುವುದಿಲ್ಲ, ಅದಕ್ಕೇ ಬಾಯಿ ಬಿಡುವುದು. ಮಂಗಳವಾರ 100 ಲೀಟರ್ ಬದಲಿಸಿದಾಗ ಇದರ ಹೆಚ್ಚುಕಡಿಮೆ ಇಮ್ಮಡಿ. ಹೇಮಾವತಿ ನೀರಾದರೋ ನಲ್ಲಿಯಲ್ಲಿ 0.3 ಇದ್ದರೂ ಕಾಲು ಭಾಗ ಬದಲಿಸಿದಾಗ ತೊಟ್ಟಿಯಲ್ಲಿ 0.08ಕ್ಕೆ ಇಳಿಯುತ್ತದೆ, ಅದನ್ನೂ ತೊಟ್ಟಿಯ ಕಸ, ಪಾಚಿ ಬೇಗ ತಿಂದುಹಾಕುತ್ತವೆ. ಸಂಪಿನಲ್ಲಿ ಒಂದೆರಡು ದಿನ ನಿಂತ ನೀರಿನಲ್ಲಿ ಅದೂ ಇರುವುದಿಲ್ಲ. ಒಂದೂವರೆ ವರ್ಷ ಏನೂ ಮಾಡದೆ ದಾಟಿದ್ದು ಹೀಗೆ.

ಆ್ಯಂಟಿ-ಕ್ಲೋರಿನ್ ಬಾಟಲಿಯಲ್ಲಿ ದೋಷ ಇರಲಿಲ್ಲ. ಬಕೆಟ್‌ನಲ್ಲಿ ಅಳೆದು ನೋಡಿದಾಗ ಲೇಬಲ್ ಪ್ರಮಾಣ ಲೀಟರಿಗೆ ಒಂದೂವರೆ ಮಿ.ಗ್ರಾಂ ಕ್ಲೋರಿನ್ ತೆಗೆಯುವಷ್ಟಿತ್ತು. ಮಾಮೂಲಿ ನಲ್ಲಿ ನೀರಿಗೆ ಧಾರಾಳ, ಹನ್ನೊಂದಕ್ಕೆ ಎಲ್ಲಿ ಸಾಕು?

ಇನ್ನು ಡಿಪಿಡಿ ಕಿಟ್‌ನ ಸೊನ್ನೆ. ಕ್ಲೋರಿನ್ ಅತಿಯಾದಾಗ ಅದು ಕಿಟ್‌ನ ಗುಲಾಬಿ ಬಣ್ಣವನ್ನೇ ಬ್ಲೀಚ್ ಮಾಡಿಬಿಡುತ್ತದೆ. ಲೀಟರಿಗೆ ಹತ್ತರ ಆಚೆಈಚೆ ಇದ್ದಾಗ ಹೀಗಾಗುವ ಸಂಭವ ಹೆಚ್ಚು. ಕೆದಕಿ ಕೇಳಿದಾಗ ಹುಡುಗ ನೆನಪಿಸಿಕೊಂಡ: ಕಿಟ್‌ನ ಔಷಧಿ ಬಿದ್ದ ಕೂಡಲೇ ಒಂದು ಕ್ಷಣ ಗುಲಾಬಿ ಬಂದಂಗಾಗಿ ಹೋಯ್ತು, ಬೆಳಕಿನ ಭ್ರಮೆ ಅಂದುಕೊಂಡಿದ್ದ. ಶುಕ್ರವಾರ ಸಂಪಿನ ನೀರನ್ನು ತೆಳುಮಾಡಿ ಮತ್ತೆ ನೋಡಿದರು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 9 ಮಿ.ಲೀ., ಸಂಪಿನ ನೀರು 1 ಮಿ.ಲೀ. ಕೊಳವೆ ಗುಲಾಬಿಯಾಗಿ ನಿಂತಿತು, ಬಣ್ಣದ ಪಟ್ಟಿಯಲ್ಲಿ 0.8ಕ್ಕೆ ಹೊಂದಿತು. ಹತ್ತರಿಂದ ಗುಣಿಸಿದರೆ 8. ಮಂಗಳವಾರ ಸಂಜೆ ಹಾಕಿದ ಪುಡಿ ಮೂರು ದಿನಕ್ಕೆ 11ರಿಂದ 8ಕ್ಕೆ ಇಳಿದಿತ್ತು, ಅಷ್ಟೇ. ಮುಚ್ಚಿದ ಸಂಪು, ಕತ್ತಲು, ಅಲುಗಾಡದ ನೀರು. ಅಲ್ಲಿ ಕ್ಲೋರಿನ್ ಹೋಗುವುದಾದರೂ ಎಲ್ಲಿಗೆ?

ಹೀಗಾಗಿ ನೀರು ಘಾಟು ಬಂದು ಡಿಪಿಡಿ ಸೊನ್ನೆ ತೋರಿಸಿದರೆ ಮೂಗನ್ನು ನಂಬಿ, ತೆಳುಮಾಡಿ ಮತ್ತೆ ನೋಡಿ. ಹಳದಿ ಬಣ್ಣ ಕೊಡುವ ಓಟಿಓ ಹನಿ ಈ ವಿಷಯದಲ್ಲಿ ಮೇಲು. ಹೆಚ್ಚಾದಷ್ಟೂ ಅದು ಹಳದಿಯಿಂದ ಕಿತ್ತಳೆ, ಕೆಂಪಿಗೆ ತಿರುಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ಅದರ ರಾಸಾಯನಿಕ ಕೈಗೆ, ಬಾಯಿಗೆ ಸೋಕಬಾರದು, ಪರೀಕ್ಷಿಸಿದ ನೀರು ಚರಂಡಿಗೇ ಹೋಗಬೇಕು. ಹಳ್ಳಿಯಾದರೆ ನೀರುಗಂಟಿಯ ಹತ್ತಿರ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಇದೆಯೇ ವಿಚಾರಿಸಿ.

ಎರಡನೇ ಅಲೆ

ನೀರು ಬದಲಿಸಿದ ದಿನವೇ ಸತ್ತ ಮೀನಿಗೆ ಕಾರಣ ಸಿಕ್ಕಿತು. ನಾಲ್ಕು ದಿನ ಬಿಟ್ಟು ಸತ್ತ ಎರಡು ಮಾಲಿಗೆ? ಫಿಲ್ಟರ್‌ನ ಸ್ಪಂಜಿನಲ್ಲಿ, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯ ಎಂಬ ವಿಷವನ್ನು ತಿನ್ನುವ ಬ್ಯಾಕ್ಟೀರಿಯ ಇರುತ್ತವೆ. ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯ ಕೊಲ್ಲಲು, ಕೆಟ್ಟದ್ದು ಒಳ್ಳೆಯದು ಎಂದು ಅದು ಆರಿಸುವುದಿಲ್ಲ. ಮೇಲಾಗಿ ಹುಡುಗ ಪ್ರತಿ ತಿಂಗಳು ಸ್ಪಂಜನ್ನು ಅದೇ ನಲ್ಲಿ ಕೆಳಗೆ ಹಿಂಡಿ ತೊಳೆಯುತ್ತಿದ್ದ. ಏಪ್ರಿಲ್‌ನಲ್ಲಿ ಹಾಗೆ ತೊಳೆದದ್ದು ಫಿಲ್ಟರ್‌ಗೆ ಕೊನೆಯ ಏಟು. ಶುಕ್ರವಾರ ತೊಟ್ಟಿಯಲ್ಲಿ ಅಮೋನಿಯ 2 ಮಿ.ಗ್ರಾಂ, ಅಮೋನಿಯದಿಂದ ಹುಟ್ಟುವ ಇನ್ನೊಂದು ವಿಷ ನೈಟ್ರೈಟ್ 1 ಮಿ.ಗ್ರಾಂ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8.2 ಇತ್ತು. ನಮ್ಮ ಗಡಸು ನೀರಿನ ತೊಂದರೆ ಇಲ್ಲಿದೆ. ಪಿಎಚ್ 7ರಲ್ಲಿ ಅಮೋನಿಯದ ವಿಷರೂಪ ಶೇ. 1 ಕೂಡ ಇರುವುದಿಲ್ಲ. 8.2ರಲ್ಲಿ, ಇದೇ ಸೆಕೆಯಲ್ಲಿ, ಅದು ಶೇ. 8 ದಾಟುತ್ತದೆ. ಮೃದು ನೀರಿನಲ್ಲಿ ಮೀನು ಹೇಗೋ ತಡೆದುಕೊಳ್ಳುವ ಅಮೋನಿಯ ಬೋರ್ ನೀರಿನಲ್ಲಿ ಕೊಲ್ಲುತ್ತದೆ.

ಆಗ ಎದುರಾದ ನಿರ್ಧಾರ ಸಲೀಸಾದುದಲ್ಲ. ಅಮೋನಿಯ ಇಳಿಸಲು ನೀರು ಬದಲಿಸಲೇಬೇಕು, ಮನೆಯಲ್ಲಿರುವ ನೀರೆಲ್ಲ 8 ಮಿ.ಗ್ರಾಂ ಕ್ಲೋರಿನ್‌ನದು. ಆ ನೀರಿಗೆ ಔಷಧಿ ಸುರಿದು ಹದಕ್ಕೆ ತರುವುದು ಲೆಕ್ಕದಲ್ಲಿ ಸಾಧ್ಯ, ಆದರೆ ಸುಸ್ತಾದ ಮೀನಿನ ಮೇಲೆ ಅಂಥ ಪ್ರಯೋಗ ಬೇಡ ಎಂದು ಕೈಬಿಟ್ಟರು. ಪಕ್ಕದ ಮನೆಯ, ಪುಡಿ ಬೀಳದ ಸಂಪಿನಿಂದ ಹೇಮಾವತಿ ನೀರು ತಂದು, ಕ್ಲೋರಿನ್ ಪರೀಕ್ಷಿಸಿ, ದಿನಕ್ಕೆ 20 ಲೀಟರ್‌ನಂತೆ ಬದಲಿಸಿದರು. ಮೀನಿಗೆ ಮೂರು ದಿನ ಆಹಾರ ಬಂದ್, ಆಮೇಲೆ ದಿನ ಬಿಟ್ಟು ದಿನ ಚಿಟಿಕೆಯಷ್ಟು. ನೈಟ್ರೈಟ್ ಮೀನಿನ ರಕ್ತಕ್ಕೆ ಇಳಿಯದಂತೆ ತೊಟ್ಟಿಗೆ 20 ಗ್ರಾಂ ಅಡುಗೆ ಉಪ್ಪು ಕರಗಿಸಿ ಹಾಕಿದರು. ಇದರಿಂದ ಲೀಟರಿಗೆ ಸುಮಾರು 60 ಮಿ.ಗ್ರಾಂ ಕ್ಲೋರೈಡ್ ಸಿಗುತ್ತದೆ, 1 ಮಿ.ಗ್ರಾಂ ನೈಟ್ರೈಟ್‌ಗೆ ಅಷ್ಟು ಧಾರಾಳ. ಮುಷ್ಟಿಗಟ್ಟಲೆ ಉಪ್ಪು ಸುರಿಯುವ ಅಭ್ಯಾಸ ಕೆಲವರಿಗಿದೆ, ಕೊರಿಡೋರಾಸ್ ಇರುವ ತೊಟ್ಟಿಗೆ ಅದು ಸಲ್ಲದು. ಸ್ನೇಹಿತನ ತೊಟ್ಟಿಯ ಹಳೆಯ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ಫಿಲ್ಟರ್‌ಗೆ ಸೇರಿಸಿದರು. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು 18 ದಿನ ಹಿಡಿಯಿತು. ಆ 11 ಮೀನಿನಲ್ಲಿ ಮತ್ತೆ ಒಂದೂ ಸಾಯಲಿಲ್ಲ.

ಈಗ ನೀರು ಹೇಗೆ ತಯಾರಾಗುತ್ತದೆ

ನಲ್ಲಿಯಿಂದ ನೇರ ತೊಟ್ಟಿಗೆ ಪೈಪ್ ಬಿಡುವುದು ನಿಂತಿತು. ಹಜಾರದ ಮೂಲೆಯಲ್ಲಿ 100 ಲೀಟರ್‌ನ ನೀಲಿ ಡ್ರಮ್ ಬಂತು. ಇಂಥ ಡ್ರಮ್ ಕೊಳ್ಳುವಾಗ ಮೊದಲು ಅದರಲ್ಲಿ ಏನಿತ್ತು ಎಂದು ಕೇಳಲೇಬೇಕು. ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ಮನೆಯೊಳಗೆ ಇಟ್ಟಿದ್ದಕ್ಕೆ ಕಾರಣ ತಾಪಮಾನ: ಒಂದು ರಾತ್ರಿ ಕಳೆದರೆ ಡ್ರಮ್ಮೂ ತೊಟ್ಟಿಯೂ ಒಂದೇ ಡಿಗ್ರಿಗೆ ಬರುತ್ತವೆ. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕಾಯುತ್ತಾರೆ.

ಶನಿವಾರ ಬೆಳಗ್ಗೆ ಡ್ರಮ್ ತುಂಬಿ ಮೊದಲು ಕ್ಲೋರಿನ್ ನೋಡುವುದು. 2 ಮಿ.ಗ್ರಾಂ ಒಳಗಿದ್ದರೆ ಮುಂದುವರಿಯುವುದು, ಮೀರಿದ್ದರೆ ಆ ನೀರು ಗಿಡಕ್ಕೂ ಅಲ್ಲ, ನೆಲ ತೊಳೆಯಲು. ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್, ಹಳೆಯ ಫೋಟೋ ಸ್ಟುಡಿಯೋದವರು ಹೈಪೋ ಅನ್ನುತ್ತಿದ್ದ ಕಲ್ಲುಸಕ್ಕರೆಯಂಥ ಹರಳು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. 100 ಗ್ರಾಂ ಹರಳನ್ನು ಕ್ಯಾನ್ ನೀರಿನಲ್ಲಿ ಕರಗಿಸಿ, ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡಿಕೊಳ್ಳುವುದು. 1 ಮಿ.ಗ್ರಾಂ ಕ್ಲೋರಿನ್‌ಗೆ 7 ಮಿ.ಗ್ರಾಂ ಹರಳು ಬೇಕು ಎಂಬ ಲೆಕ್ಕದಲ್ಲಿ, ಲೀಟರಿಗೆ 1 ಮಿ.ಗ್ರಾಂ ಕ್ಲೋರಿನ್ ಇರುವ 100 ಲೀಟರ್ ನೀರಿಗೆ ಈ ದ್ರಾವಣ 7 ಮಿ.ಲೀ., 2 ಮಿ.ಗ್ರಾಂ ಇದ್ದರೆ 14 ಮಿ.ಲೀ. ಅಳತೆಗೆ ಸೂಜಿ ಇಲ್ಲದ ಸಿರಿಂಜ್. ಸ್ವಲ್ಪ ಹೆಚ್ಚಾದರೆ ಅಪಾಯವಿಲ್ಲ, ಕಡಿಮೆಯಾದರೆ ಇದೆ. ದ್ರಾವಣ ನೋಡಲು ನೀರಿನಂತೆಯೇ ಇರುವುದರಿಂದ ಬಾಟಲಿ ಮೇಲೆ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ, ಕತ್ತಲಲ್ಲಿ ಇಡುವುದು. ಎರಡು ಮೂರು ತಿಂಗಳಿಗೊಮ್ಮೆ ಹೊಸದು. ಹಾಕಿ ಕಲಕಿ ಹತ್ತು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಸೊನ್ನೆ ಬಂದರೇ ಮುಂದಿನ ಹೆಜ್ಜೆ. ಈ ಎರಡನೇ ಪರೀಕ್ಷೆ ಬಿಡುವವರೇ ಹೆಚ್ಚು. ಮೊದಲನೆಯದು ಎಷ್ಟು ಹಾಕಬೇಕು ಎಂದು ಹೇಳುತ್ತದೆ, ಹಾಕಿದ್ದು ಸಾಕಾಯಿತೇ ಎನ್ನುವುದು ಎರಡನೆಯದಕ್ಕೇ ಗೊತ್ತು.

ಆಮೇಲೆ ಏರ್‌ಸ್ಟೋನ್ ಬಿಟ್ಟು, ಮೇಲೆ ತೆಳು ಬಟ್ಟೆ ಮುಚ್ಚಿ ಭಾನುವಾರದವರೆಗೆ ಗುಳುಗುಳು ಅನ್ನಿಸುವುದು. ಔಷಧಿ ಹಾಕಿದ ಮೇಲೂ ಗಾಳಿ ಯಾಕೆ ಎಂದರೆ ಬೋರ್ ನೀರಿಗಾಗಿ. ಆಳದಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಆಮ್ಲಜನಕ ಕಡಿಮೆ. ಈ ಮನೆಗೆ ಬಂದ ಟ್ಯಾಂಕರ್ ನೀರು ಹಿಡಿದ ಕೂಡಲೇ ಪಿಎಚ್ 7.2, ಒಂದು ದಿನ ಗಾಳಿಯಾಡಿದ ಮೇಲೆ 8.2 ತೋರಿಸಿತು. ಆ ಏರಿಳಿತ ಡ್ರಮ್ಮಿನಲ್ಲೇ ಮುಗಿಯಲಿ, ಮೀನಿನ ಮುಂದೆ ಬೇಡ. ಬರೀ ಗಾಳಿಯಿಂದಲೇ ಕ್ಲೋರಿನ್ ಹೋಗುವುದಿಲ್ಲವೇ ಎಂದರೆ ಹೋಗುತ್ತದೆ, ಮಾಮೂಲಿ ನೀರಾದರೆ ಒಂದೆರಡು ದಿನದಲ್ಲಿ. ಆದರೆ ನೀರಿನಲ್ಲಿ ಮೊದಲೇ ಅಮೋನಿಯ ಇದ್ದರೆ ಕ್ಲೋರಿನ್ ಅದರೊಂದಿಗೆ ಸೇರಿ ಕ್ಲೋರಮೈನ್ ಆಗುತ್ತದೆ, ಅದು ಸುಲಭಕ್ಕೆ ಹಾರುವುದಿಲ್ಲ. ಕೊಳಚೆ ನೀರಿನ ಇಂಗುಗುಂಡಿ ಪಕ್ಕದ ಬೋರ್ ನೀರಿಗೆ ಪುಡಿ ಬಿದ್ದಾಗ ಈ ಸಂಭವ ಇದೆ. ಹೈಪೋ ಕ್ಲೋರಮೈನನ್ನು ಮುರಿಯುತ್ತದೆ, ಆದರೆ ಒಳಗಿದ್ದ ಅಮೋನಿಯವನ್ನು ಹೊರಗೆ ಬಿಡುತ್ತದೆ. ಹಾಗಾಗಿ ಸಂಶಯ ಬಂದಾಗ ಡ್ರಮ್ ನೀರಿನ ಅಮೋನಿಯವನ್ನೂ ಒಮ್ಮೆ ನೋಡುತ್ತಾರೆ.

ಭಾನುವಾರ ಬೆಳಗ್ಗೆ ಟಿಡಿಎಸ್ ಪೆನ್ನು. ತೊಟ್ಟಿ ಈಗ 450 ಹತ್ತಿರ ನಿಂತಿದೆ, ಎರಡು ನೀರನ್ನು ಬೆರೆಸಿ ಡ್ರಮ್ಮನ್ನು ಅದರ 100 ಆಚೆಈಚೆಗೆ ತರುತ್ತಾರೆ. ಕೂಲರ್‌ಗೆ ಹಾಕುವ ಸಣ್ಣ ಪಂಪ್‌ನಿಂದ 50 ಲೀಟರ್ ಅನ್ನು ಅರ್ಧ ಗಂಟೆಯಲ್ಲಿ ನಿಧಾನಕ್ಕೆ ಏರಿಸುತ್ತಾರೆ. ಸ್ಪಂಜು ತೊಳೆಯುವುದು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲಿ. ಡ್ರಮ್‌ಗೆ ಜಾಗವಿಲ್ಲದೆ ನಲ್ಲಿಯಿಂದಲೇ ತುಂಬುವವರು ಔಷಧಿಯನ್ನು ಬದಲಿಸುವ 50 ಲೀಟರಿಗಲ್ಲ, ಇಡೀ 200 ಲೀಟರಿಗೆ ಲೆಕ್ಕ ಹಾಕಿ, ನೀರು ಬಿಡುವ ಮುಂಚೆಯೇ ತೊಟ್ಟಿಗೆ ಹಾಕಬೇಕು. ಆಗಲೂ ಆ ದಿನದ ನಲ್ಲಿ ನೀರನ್ನು ಪರೀಕ್ಷಿಸದೆ ಬಿಟ್ಟರೆ ಈ ಮನೆಯ ಏಪ್ರಿಲ್ ಮತ್ತೆ ಬರುತ್ತದೆ.

ಸಂಪಿನ ಕಡೆ

ಪುಡಿ ಹಾಕುವುದನ್ನೇ ಬಿಡಿಸಬೇಕೆಂದು ಹುಡುಗ ಹಟ ಹಿಡಿದ. ಅದು ಸರಿಯಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಎಲ್ಲಿಂದಲೋ ಬರುವ ಟ್ಯಾಂಕರ್ ನೀರಿಗೆ ಕ್ಲೋರಿನ್ ಬೇಕು, ಮನೆಯಲ್ಲಿ ಮನುಷ್ಯರೂ ಇದ್ದಾರೆ. ತಾತನ ಕಾಳಜಿ ಸರಿಯಾಗಿತ್ತು, ಅಳತೆ ಮಾತ್ರ ತಪ್ಪಿತ್ತು. ಲೀಟರಿಗೆ 2 ಮಿ.ಗ್ರಾಂ ಹಾಕಬೇಕೆಂದರೆ 4,000 ಲೀಟರಿಗೆ ತಾಜಾ ಪುಡಿ 27 ಗ್ರಾಂ ಸಾಕು, ತಾತನ ಅರ್ಧ ಹಿಡಿಗಿಂತಲೂ ಕಡಿಮೆ. ಈಗ ಅದನ್ನು ತೂಗಿ, ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಹುಯ್ಯುತ್ತಾರೆ. ಪೊಟ್ಟಣದ ಬದಲು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಪುಡಿ ಹಾಕಿದ ದಿನ ತಾಯಿಯ ಕ್ಯಾಲೆಂಡರ್‌ನಲ್ಲಿ ಟ್ಯಾಂಕರ್ ದುಡ್ಡಿನ ಪಕ್ಕ "ಪುಡಿ" ಎಂದು ಬರೆಯುತ್ತಾರೆ.

ಜುಲೈನಲ್ಲಿ ಮಹಡಿಯ ಟ್ಯಾಂಕ್ ತೊಳೆಯಲು ಬಂದವರು ಯಾರನ್ನೂ ಕೇಳದೆ ಒಳಗೆ ಒಂದು ಲೋಟ ಪುಡಿ ಬಳಿದು, ಎರಡು ಸಲ ನೀರು ಸುರಿದು ಹೋಗಿದ್ದರು. ಕ್ಯಾಲೆಂಡರ್‌ನಲ್ಲಿ ಅದು ಇರಲಿಲ್ಲ. ಶನಿವಾರ ಡ್ರಮ್ ತುಂಬಿ ಓಟಿಓ ಹನಿ ಬಿಟ್ಟಾಗ ಕೊಳವೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಡ್ರಮ್ಮನ್ನು ಬಚ್ಚಲಿಗೆ ಬಗ್ಗಿಸಿದರು. ಆ ಭಾನುವಾರ ನೀರು ಬದಲಿಸಲಿಲ್ಲ.